ಗಂಟೆ ಮಾರಿದವರ ಗದ್ದೆ

ಅರಳೀಹುಂಡಿಗೆ ಸೊಸೆಯಾಗಿ ಬಂದ ದಿನದಿಂದ ಚಿಕ್ಕಬಸಮ್ಮ ಯಾರನ್ನೂ ‘ಗಂಟೆ ಎಷ್ಟು’ ಎಂದು ಕೇಳಿದವಳಲ್ಲ. ಬಸ್ಸು ತಪ್ಪಲಿ, ಹಾಲಿನ ಡೈರಿ ಬಾಗಿಲು ಹಾಕಲಿ, ಬಿಸಿಲು ನೋಡಿ ಹೊತ್ತು ಅಳೆಯುತ್ತಿದ್ದಳೇ ಹೊರತು ಆ ಮಾತು ಅವಳ ಬಾಯಿಂದ ಹೊರಡುತ್ತಿರಲಿಲ್ಲ. ಹೊರಟರೆ ಕೆಟ್ಟಳು. ಎದುರಿಗಿದ್ದವನು ನಾಲೆಯಾಚೆಯ ಹೊಸಕೊಪ್ಪಲಿನವನಾದರೆ ಹಲ್ಲು ಕಿರಿದು, “ಎಷ್ಟಕ್ಕೋಯ್ತು ಅಂತ ನೀವೇ ಯೋಳ್ಬೇಕು ಕಣವ್ವ, ಮಾರಿದೋರು ನಿಮ್ಮನೆಯೋರು” ಅಂದುಬಿಡುತ್ತಿದ್ದ.

ಒಂದೂರಿನ ಇತಿಹಾಸ ಪಕ್ಕದೂರಿಗೆ ಪರಿಹಾಸ. ನಂಜನಗೂಡಿನಿಂದ ತಿ. ನರಸೀಪುರದ ಕಡೆ ಹೋಗುವಾಗ ಕಪಿಲೆಯ ದಂಡೆಯಲ್ಲಿ ಸಿಗುವ ಅರಳೀಹುಂಡಿಯ ಬಸವೇಶ್ವರನ ಗುಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಮುಂದಿನ ಕಲ್ಲುತೊಲೆಯಲ್ಲಿ ನೇತಾಡುವ ಖಾಲಿ ಕೊಂಡಿ. ಭಕ್ತರು ಅಭ್ಯಾಸಬಲದಿಂದ ಕೈ ಎತ್ತುತ್ತಾರೆ, ಗಾಳಿಯನ್ನು ಬಾರಿಸಿ ಕೈ ಇಳಿಸುತ್ತಾರೆ. ಅಲ್ಲೊಂದು ಕಂಚಿನ ಗಂಟೆಯಿತ್ತಂತೆ. ಯಾವುದೋ ಕಾಲದಲ್ಲಿ ಯಾವುದೋ ದಂಡು ಊರ ಮೇಲೆ ಬಂತಂತೆ. ದಂಡಿನವರು ಕಂಚು ಕಂಡಲ್ಲಿ ಕಿತ್ತು ಕರಗಿಸಿ ಫಿರಂಗಿ ಎರಕ ಹೊಯ್ಯುತ್ತಿದ್ದರಂತೆ. ಗಂಟೆ ಬಾರಿಸುವ ಊಳಿಗದ ದೊಡ್ಡಮಾದ ಅದನ್ನು ರಾತ್ರೋರಾತ್ರಿ ಎತ್ತಿಟ್ಟನಂತೆ. ಬೆಳಗಾಗುವುದರೊಳಗೆ ದಂಡಿನವರು ಅವನನ್ನೇ ಹೊರೆ ಹೊರಲು ಹಿಡಿದುಕೊಂಡು ಹೋದರು. ಅವನು ತಿರುಗಿ ಬರಲಿಲ್ಲ, ಗಂಟೆಯೂ ಬರಲಿಲ್ಲ. ಅಷ್ಟು ಹೊತ್ತಿಗೆ ಹೊಸಕೊಪ್ಪಲಿನವರು ತೀರ್ಪು ಬರೆದಾಗಿತ್ತು: ಮಾರಿ ತಿಂದ.

ಅಲ್ಲಿಂದ ದೊಡ್ಡಮಾದನ ಸಂತಾನಕ್ಕೆಲ್ಲ ‘ಗಂಟೆ ಮಾರಿದವರು’ ಎಂದೇ ಹೆಸರು. ಆ ಮನೆಗೆ ಸೊಸೆಯಾಗಿ ಬಂದವಳು ಚಿಕ್ಕಬಸಮ್ಮ. ತಮಾಷೆಯೆಂದರೆ, ಅವಳ ತವರು ಅದೇ ಹೊಸಕೊಪ್ಪಲು. ಹುಟ್ಟಿದ ಊರು ಹಂಗಿಸುವುದು, ಸೇರಿದ ಮನೆ ಹಂಗಿಸಿಕೊಳ್ಳುವುದು. ಹಂಗಿಸುವವರ ಮೊದಲ ಸಾಲಿನಲ್ಲಿ ನಿಂತವನು ಅವಳ ಒಡಹುಟ್ಟಿದ ಅಣ್ಣ ಚಾಮಯ್ಯ. ಹಬ್ಬಕ್ಕೆ ಹೋದರೆ ಸೀರೆ ಕೊಟ್ಟು ಕೈ ಮುಗಿಸಿಕೊಂಡವನು, ಬಾಗಿಲು ದಾಟುವಾಗ ಕೂಗಿ ಕೇಳುತ್ತಿದ್ದ:

“ಅಮ್ಮೀ, ಗಂಟೆ ಎಷ್ಟಾಯ್ತು?”

“ನಿನ್ನ ತಲೆ ಮ್ಯಾಗೆ ಬೀಳೋ ವತ್ತಾಯ್ತು!” ಎನ್ನುತ್ತ ಅವಳು ಆ ಸೀರೆಯನ್ನೇ ಕಂಕುಳಲ್ಲಿ ಬಿಗಿದು ನಾಲೆ ದಾಟುತ್ತಿದ್ದಳು.

ಈ ವರ್ಷ ಭತ್ತ ಕೊಯ್ದು ಗದ್ದೆ ಬಿರುಕು ಬಿಟ್ಟಿದ್ದ ಸಮಯದಲ್ಲಿ ಊರಿಗೊಂದು ಜೀಪು ಬಂತು. ಯಂತ್ರ ಕಟ್ಟಿಸಿಕೊಂಡು ದೆವ್ವ ಬಿಡಿಸಿಕೊಳ್ಳುವ ಊರಿಗೆ ಹೊಸ ಯಂತ್ರವೇ ಬಂತು. ಕಪಿಲೆಯ ದಂಡೆಯ ಹಳೇ ಊರುಗಳ ನೆಲದಡಿ ಏನೇನಿದೆ ಎಂದು ನೋಡಲು ಸರ್ಕಾರದ ಅಪ್ಪಣೆ ಪಡೆದು ಬಂದ ತಂಡ ಅದು. ಮುಂದಾಳು ಮೇಘನಾ ಎಂಬ ಹೆಣ್ಣುಮಗಳು, ಓದಿದ್ದು ಪುರಾತತ್ವ, ತಲೆಗೆ ಟೋಪಿ, ಕಾಲಿಗೆ ಬೂಟು, ಮಾತಿಗೆ ಮಾತ್ರ ಯಾವ ಗತ್ತೂ ಇಲ್ಲ. ಯಂತ್ರ ನಡೆಸುವವನು ಅಮೃತೇಶ್. ಅವರು ಮೊದಲು ಹೊಸಕೊಪ್ಪಲಿಗೆ ಹೋಗಿ, ಇಲ್ಲಿ ಹಳೇದೇನಾದರೂ ಹೂತಿದೆ ಅನ್ನೋ ಮಾತು ಉಂಟಾ ಎಂದು ಕೇಳಿದ್ದಾರೆ. ಕೇಳಿದ್ದು ಚಾಮಯ್ಯನನ್ನೇ. ಅವನು ಮೀಸೆ ನೀವಿಕೊಂಡು, “ನಮ್ಮಲ್ಲಿ ಏನೂ ಇಲ್ಲ ಸಾ. ನಾಲೆ ಆಚೆ ನಮ್ಮ ತಂಗಿ ಗದ್ದೆ ಅದೆ, ಅಲ್ಲಿ ಓಗಿ ಗಂಟೆ ಕೇಳಿ. ಅದೇನಾರ ಸಿಕ್ಬುಟ್ರೆ ನಾನೇ ಸಗಣಿ ವತ್ಕೊಂಡೋಗಿ ಅವರ ಗುಡಿ ಮುಂದೆ ಸಾರಿಸಿ ಬತ್ತೀನಿ” ಅಂದಿದ್ದಾನೆ. ಸೋದರನ ಕೊಂಕಿನಿಂದಲೇ ಶೋಧ ಶುರುವಾಯಿತು.

ಜೀಪು ಬಂದ ಸುದ್ದಿಗೆ ಊರಿಗೂರೇ ಗದ್ದೆ ಬದುವಿನಲ್ಲಿ ನೆರೆಯಿತು. ತಂಡ ಹುಡುಕಲು ಬಂದದ್ದು ಗಂಟೆ, ಜನಕ್ಕೆ ಕಂಡದ್ದು ಗಂಟು. ಚಿನ್ನದ ಕೊಪ್ಪರಿಗೆ ಇದೆ ಎಂದು ಒಬ್ಬ, ಅದನ್ನು ಏಳು ಹೆಡೆಯ ಸರ್ಪ ಕಾಯುತ್ತಿದೆ ಎಂದು ಇನ್ನೊಬ್ಬ. ಪಂಚಾಯ್ತಿ ಮೆಂಬರು ಚೆಲುವರಾಜು ಮಾತ್ರ ಸರ್ಪಕ್ಕಿಂತಲೂ ಚುರುಕು. ಯಂತ್ರ ಜೀಪಿನಿಂದ ಇಳಿಯುವಷ್ಟರಲ್ಲಿ ನಂಜನಗೂಡಿನಲ್ಲಿ ಫ್ಲೆಕ್ಸ್ ಹೊಡೆಸಿ ತಂದಿದ್ದ: ‘ಐತಿಹಾಸಿಕ ನಿಧಿ ಪತ್ತೆಗೆ ಕಾರಣಕರ್ತರಾದ ಜನನಾಯಕರಿಗೆ ಸುಸ್ವಾಗತ.’ ಕೆಳಗೆ ಅವನದೇ ಕೈಮುಗಿದ ಚಿತ್ರ. ತನಗೆ ತಾನೇ ಸ್ವಾಗತ ಕೋರಿಕೊಂಡ ಜನನಾಯಕ ಅವನೊಬ್ಬನೇ ಇರಬೇಕು.

“ನಿಧಿ ಅಲ್ಲ ಸರ್” ಎಂದಳು ಮೇಘನಾ. “ಸಿಕ್ಕರೂ ಅದು ಸರ್ಕಾರದ್ದು.”

“ಸರ್ಕಾರ ಅಂದ್ರೆ ನಾವೇ ಅಲ್ವಾ ಮೇಡಂ?” ಎಂದ ಚೆಲುವರಾಜು.

ಯಂತ್ರ ನೋಡಿದರೆ ಯಂತ್ರದ ಹಾಗೇ ಇರಲಿಲ್ಲ. ಉದ್ದನೆಯ ಕೋಲು, ಮುಂದಕ್ಕೊಂದು ಪೆಟ್ಟಿಗೆ, ಹಿಂದಕ್ಕೊಂದು ಪೆಟ್ಟಿಗೆ. ಅಮೃತೇಶ ಅದನ್ನು ನಡುವಲ್ಲಿ ಹಿಡಿದು, ಅಡ್ಡೆ ಹೊತ್ತವನ ಹಾಗೆ ಗದ್ದೆಯ ಉದ್ದಕ್ಕೂ ನಡೆಯುತ್ತಿದ್ದ. ಚಿಕ್ಕಬಸಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಹಿಂದೆಯೇ ನಡೆದಳು.

“ಇದೇನು ಮಾಡ್ತದೆ ಮೊಗ?”

“ಮುಂದಿನ ಪೆಟ್ಟಿಗೆ ನೆಲದೊಳಕ್ಕೆ ಕೂಗು ಹಾಕುತ್ತೆ ಅಮ್ಮ” ಎಂದಳು ಮೇಘನಾ. “ನಮಗೆ ಕೇಳಿಸದ ಕೂಗು. ಕೆಳಗೆ ಲೋಹ ಇದ್ದರೆ ಅದು ಓಗೊಡುತ್ತೆ. ಹಿಂದಿನ ಪೆಟ್ಟಿಗೆ ಅದನ್ನ ಕೇಳಿಸ್ಕೊಂಡು ನಮಗೆ ಹೇಳುತ್ತೆ. ಮೊಳೆ, ಬಾಟಲಿ ಮುಚ್ಚಳ ಇಂಥ ಸಣ್ಣಪುಟ್ಟದ್ದಕ್ಕೆ ಇದು ಕಿವಿಗೊಡಲ್ಲ. ದೊಡ್ಡ ವಸ್ತು ಆಳುದ್ದ ಕೆಳಗಿದ್ದರೂ ಬಿಡಲ್ಲ.”

“ಆ ಕೋಲು?” ಅಮೃತೇಶನ ಜತೆಯವನು ಹಿಡಿದಿದ್ದ ಇನ್ನೊಂದು ಉದ್ದನೆಯ ಕೋಲಿನ ಕಡೆ ಅವಳು ಬೆರಳು ತೋರಿಸಿದಳು.

“ಅದಕ್ಕೆ ಕಬ್ಬಿಣ ಒಂದೇ ಗೊತ್ತು. ಕಂಚು, ತಾಮ್ರ, ಚಿನ್ನ ಇಟ್ಟರೂ ಸುಮ್ಮನಿರುತ್ತೆ.”

“ಅಂಗಂದ್ರೆ ಒಂದು ನಮ್ಮ ಸೊಸೆ, ಎಲ್ಲಾನೂ ಕೇಳಿಸ್ಕತಾಳೆ. ಇನ್ನೊಂದು ನನ್ನ ಮಗ, ಅವನಿಗೆ ಬೇಕಾದ್ದು ಬುಟ್ರೆ ಯಾವ್ದೂ ಕೇಳಾಕಿಲ್ಲ” ಎಂದಳು ಚಿಕ್ಕಬಸಮ್ಮ. ನಂಜನಗೂಡು ಡಿಪೋದಲ್ಲಿ ಕಂಡಕ್ಟರಾಗಿರುವ ಮಗ ಕೃಷ್ಣಕುಮಾರ್ ರಜೆ ಹಾಕಿ ಬಂದು ಪಕ್ಕದಲ್ಲೇ ನಿಂತಿದ್ದ. ಅವನಿಗೆ ಅದೂ ಕೇಳಿಸಲಿಲ್ಲ.

ಗದ್ದೆಯೆಲ್ಲ ಸುತ್ತಿದರೂ ಎರಡೂ ಮೌನ. ಕೊನೆಗೆ ಉಳಿದದ್ದು ಈಶಾನ್ಯದ ದೇವಮೂಲೆ. ಆ ಮೂಲೆಯಲ್ಲಿ ಗದ್ದೆಗಿಂತ ಮೊಳದಷ್ಟು ಎತ್ತರದ ಒಂದು ದಿಬ್ಬ. ಅದಕ್ಕೆ ನೀರು ಹತ್ತುತ್ತಿರಲಿಲ್ಲ, ನೇಗಿಲು ತಾಗುತ್ತಿರಲಿಲ್ಲ. ಅಮೃತೇಶ ದಿಬ್ಬದ ಮೇಲೆ ಕಾಲಿಟ್ಟನೋ ಇಲ್ಲವೋ, ಎರಡೂ ಯಂತ್ರ ಒಟ್ಟಿಗೆ ಕಿರುಚಿಕೊಂಡವು.

ಬದುವಿನಲ್ಲಿದ್ದ ಜನ ಹೋ ಎಂದಿತು. ಚೆಲುವರಾಜು ಫ್ಲೆಕ್ಸಿನ ಮುಂದೆ ಹೋಗಿ ನಿಂತುಕೊಂಡ. ಮೇಘನಾ ಮಾತ್ರ ಕೋಲಿನವನ ಕಡೆ ನೋಡಿ ಹುಬ್ಬು ಗಂಟಿಕ್ಕಿದಳು.

“ಕಬ್ಬಿಣ. ತುಂಬಾ ಕಬ್ಬಿಣ. ಅಮ್ಮ, ಇಲ್ಲಿ ಏನು ಹೂತಿದ್ದೀರಿ?”

“ಕುಳ” ಎಂದಳು ಚಿಕ್ಕಬಸಮ್ಮ, ಇದರಲ್ಲೇನಿದೆ ಎನ್ನುವ ಹಾಗೆ.

ಆ ಮನೆಯ ಪದ್ಧತಿ ಅದು. ಉಗಾದಿ ಕಳೆದು ಹೊನ್ನಾರು ಕಟ್ಟಿ ವರ್ಷದ ಮೊದಲ ಉಳುಮೆ ಮಾಡುವ ದಿನ, ಸವೆದುಹೋದ ನೇಗಿಲ ಕುಳವನ್ನು ತೊಳೆದು, ಅರಿಸಿನ ಕುಂಕುಮ ಇಟ್ಟು, ದೇವಮೂಲೆಯ ದಿಬ್ಬದಲ್ಲಿ ಹೂಳಬೇಕು. ದುಡಿದ ಕುಳ ಗುಜರಿಗೆ ಹೋಗಬಾರದು. ಊರಲ್ಲಿ ಯಾರ ಮನೆಯಲ್ಲೂ ಇಲ್ಲದ ಪದ್ಧತಿ ಇವರ ಮನೆಯಲ್ಲಿ ಮಾತ್ರ ಯಾಕೆ ಎಂದು ಯಾರೂ ಕೇಳಿರಲಿಲ್ಲ. ಅಪ್ಪ ಹೂತಿದ್ದ, ಮಗ ಹೂತ. ದೊಡ್ಡ ಕುಳಗಳೇನೂ ಹುಟ್ಟದ ಕುಲ, ಸಣ್ಣ ಕುಳಗಳನ್ನೇ ಮರ್ಯಾದೆಯಿಂದ ಮಣ್ಣು ಮಾಡುತ್ತ ಬಂದಿತ್ತು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮೇಲೂ ಬಿಡಲಿಲ್ಲ. ಕೃಷ್ಣಕುಮಾರ ಕಲ್ಟಿವೇಟರಿನ ಸವೆದ ಹಲ್ಲಿಗೆ ಕುಂಕುಮವಿಟ್ಟು ಹೂತಿದ್ದ.

ಅಮೃತೇಶ ತಲೆ ಕೆರೆದುಕೊಂಡ. “ಇದು ನಮ್ಮ ಯಂತ್ರಕ್ಕೆ ಕಬ್ಬಿಣದ ಕಡಲೆ ಅಮ್ಮ. ಮೇಲಿನ ಕಬ್ಬಿಣದ ಗಲಾಟೇಲಿ ಕೆಳಗೆ ಬೇರೆ ಏನಾದರೂ ಇದ್ದರೂ ಅದರ ದನಿ ಕೇಳಲ್ಲ. ಇರಬಹುದು, ಇಲ್ಲದೇನೂ ಇರಬಹುದು. ಇದನ್ನೆಲ್ಲ ತೆಗೆದ್ರೆ ಮಾತ್ರ ಗೊತ್ತಾಗೋದು.”

ನಾಲೆಯ ಏರಿಯ ಮೇಲಿಂದ ಒಂದು ನಗೆ ಉರುಳಿ ಬಂತು. ಚಾಮಯ್ಯ ಹಾಲಿನ ಕ್ಯಾನು ಕಟ್ಟಿದ ಟಿ.ವಿ.ಎಸ್. ನಿಲ್ಲಿಸಿಕೊಂಡು ಎಲ್ಲವನ್ನೂ ನೋಡುತ್ತಿದ್ದ.

“ಲೇ, ಕೇಳಿಸ್ಕಂಡ್ರೇನ್ಲಾ! ಗಂಟೆ ಮಾರ್ಬುಟ್ಟು ಆ ಜಾಗಕ್ಕೆ ಗುಜರಿ ತುಂಬವ್ರೆ!”

ಇಡೀ ಬದು ನಕ್ಕಿತು. ಅರಳೀಹುಂಡಿಯವರೂ ನಕ್ಕರು, ಅದೇ ಚಿಕ್ಕಬಸಮ್ಮನಿಗೆ ಉರಿದದ್ದು.

ಮೇಘನಾ ಅವಳನ್ನು ಹೊಂಗೆ ಮರದ ನೆರಳಿಗೆ ಕರೆದುಕೊಂಡು ಹೋದಳು. “ನಿಮ್ಮ ಮನೆ ಪದ್ಧತಿ ಅಮ್ಮ. ನೀವು ಬೇಡ ಅಂದರೆ ನಾವು ಮುಟ್ಟಲ್ಲ. ಬೇರೆ ಕಡೆ ನೋಡ್ಕೊಂಡು ಹೋಗ್ತೀವಿ.”

ಕೃಷ್ಣಕುಮಾರನಿಗೆ ಈ ಸಲ ಎಲ್ಲ ಕೇಳಿಸಿತು. ಅವನು ತಾಯಿಯ ಕಿವಿಯ ಬಳಿ ಬಗ್ಗಿದ. “ಬ್ಯಾಡ ಕಣವ್ವ. ಇವತ್ತಿನಗಂಟ ‘ಇದ್ರೂ ಇರಬೋದು’ ಅಂತ ಒಂದು ಮಾತಾರ ನಮ್ಮ ಕಡೆಗದೆ. ಅಗೆದು ಏನೂ ಸಿಗ್ನಿಲ್ಲ ಅನ್ಕೋ, ಅವಾಗ ಗೌರ್ಮೆಂಟೇ ಮೊಹರು ಒತ್ತಿ ಕೊಡ್ತದೆ, ಮಾರಿದೋರು ಅಂತ. ಬಸ್ಸಲ್ಲಿ ನಾನು ಟಿಕೀಟು ಅರಿಯೋದು ಎಂಗೆ? ಈಗ್ಲೇ ಒಸಕೊಪ್ಪಲ ಸ್ಟಾಪಲ್ಲಿ ಅತ್ತೋರೆಲ್ಲ ಗಂಟೆ ಕೇಳ್ತಾರೆ.”

ಚಿಕ್ಕಬಸಮ್ಮ ದಿಬ್ಬದ ಕಡೆ ನೋಡಿದಳು. ಮಗನ ಮಾತು ಸುಳ್ಳಲ್ಲ. ಯಂತ್ರ ಬರುವವರೆಗೂ ಅನುಮಾನ ಎಂಬುದೊಂದು ಮನೆಯ ಆಸ್ತಿಯಾಗಿತ್ತು. ಅವಳ ಗಂಡ ಅದನ್ನೇ ಹಾಸಿ ಹೊದ್ದು ಬದುಕಿದ. ಕೊನೆಯ ದಿನಗಳಲ್ಲಿ ಹಾಸಿಗೆಯ ಮೇಲೆ ಮಲಗಿ ಗುಡಿಯ ಕಡೆ ಕಿವಿಗೊಟ್ಟು, “ನಮ್ಮೋರು ಮಾರಿಲ್ಲ ಕಣಮ್ಮಿ, ಅಲ್ವಾ?” ಎಂದು ಕೇಳಿದ್ದ. “ಮಾರಿಲ್ಲ” ಎಂದಿದ್ದಳು. ಆದರೆ ಹೇಳುವಾಗ ಅವಳ ಒಳಗಿನ ಹೊಸಕೊಪ್ಪಲಿನ ಹುಡುಗಿ ಒಂದು ಗಳಿಗೆ ತಡೆದಿದ್ದಳು. ಆ ತಡವರಿಕೆ ಗಂಡನಿಗೆ ಕಂಡಿತ್ತೋ ಏನೋ. ಆ ಒಂದು ಗಳಿಗೆಯನ್ನು ಅವಳು ಇವತ್ತಿಗೂ ಮರೆತಿರಲಿಲ್ಲ.

“ತೆಗೀರಿ” ಎಂದಳು.

“ಅವ್ವಾ!”

“ಸುಮ್ಕಿರ್ಲಾ. ‘ಇರಬೋದು’ ಅನ್ಕಂಡೇ ನಿಮ್ಮಪ್ಪ ಓದ. ನನಗೆ ಅದು ಬ್ಯಾಡ. ಇದ್ರೆ ಅದೆ ಅನ್ನು, ಇಲ್ದಿದ್ರೆ ಇಲ್ಲ ಅನ್ನು. ಆದ್ರೆ ಮೇಡಮ್ಮೋರೆ, ಕುಳ ಎತ್ತೋಳು ನಾನೇಯ. ಬ್ಯಾರೆಯೋರು ಮುಟ್ಟಂಗಿಲ್ಲ.”

ಏರಿಯ ಮೇಲೆ ಚಾಮಯ್ಯನ ನಗು ನಿಂತಿತು. “ನನಗೆ ಡೈರಿಗೆ ವತ್ತಾಯ್ತು, ಅಳ್ಳ ನೋಡ್ಕಂಡು ನಿಂತ್ಕಳಾಕೆ ಪುರುಸೊತ್ತಿಲ್ಲ” ಎಂದು ಗಾಡಿ ಏರಿ ಹೊರಟ. ಮಧ್ಯಾಹ್ನದಲ್ಲಿ ಯಾವ ಡೈರಿ ತೆಗೆದಿರುತ್ತದೆ ಎಂದು ಯಾರೂ ಕೇಳಲಿಲ್ಲ.

ಮೇಘನಾ ದಿಬ್ಬಕ್ಕೆ ದಾರ ಕಟ್ಟಿ ಚೌಕ ಮಾಡಿದಳು. ಪಿಕಾಸಿ ಹಿಡಿದು ಬಂದ ಉತ್ಸಾಹಿಗಳನ್ನೆಲ್ಲ ಹಿಂದಕ್ಕೆ ಅಟ್ಟಿದಳು. ಸಣ್ಣ ಕರಣೆಯಲ್ಲಿ, ಬ್ರಷ್ಷಿನಲ್ಲಿ, ಮಗುವಿನ ತಲೆ ಬಾಚುವ ಹಾಗೆ ಮಣ್ಣು ಕೆರೆಯುತ್ತ ಹೋದರು. ಕುಳ ಕಂಡ ತಕ್ಷಣ ಚಿಕ್ಕಬಸಮ್ಮ ಬಗ್ಗಿ ಎರಡೂ ಕೈಯಲ್ಲಿ ಎತ್ತಿಕೊಳ್ಳುತ್ತಿದ್ದಳು. ಇಡಲು ಜಾಗ ಬೇಕಿತ್ತು. ಅವಳು ಅತ್ತ ಇತ್ತ ನೋಡಿ, ಚೆಲುವರಾಜುವಿನ ಫ್ಲೆಕ್ಸ್ ಬಿಚ್ಚಿಸಿ, ಜನನಾಯಕನ ಮುಖ ನೆಲಕ್ಕೆ ಮಾಡಿ ಹಾಸಿದಳು.

“ಅಮ್ಮೋ, ನನ್ನ ಫೋಟೋ!”

“ಜನಸೇವೆ ಮಾಡ್ತೀನಿ ಅಂತಿದ್ಯಲ್ಲಪ್ಪ, ಈಗ ಮಾಡು.”

ಮೊದಲು ಬಂದದ್ದು ಮಗನ ಟ್ರ್ಯಾಕ್ಟರ್ ಹಲ್ಲು. ಆಮೇಲೆ ಗಂಡ ಹೂತದ್ದು. ಆ ವರ್ಷ ಅರಿಸಿನ ಅರೆದುಕೊಟ್ಟವಳು ಅವಳೇ. ಆಮೇಲೆ ಮಾವನದು, ಮಾವನ ಅಪ್ಪನದು. ಕೆಳಕೆಳಗೆ ಹೋದಂತೆ ತುಕ್ಕು ದಪ್ಪವಾಗುತ್ತ, ಕುಳ ತೆಳ್ಳಗಾಗುತ್ತ, ಕೆಲವು ಕೈಗೆ ಬರುವಾಗ ಹಪ್ಪಳದಂತೆ ಮುರಿದವು. ಹೆಸರು ಗೊತ್ತಿಲ್ಲದ ಹಿರಿಯರೆಲ್ಲ ಸಾಲಾಗಿ ಫ್ಲೆಕ್ಸಿನ ಮೇಲೆ ಬಂದು ಮಲಗಿದರು. ಬದುವಿನಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಇಷ್ಟು ಕುಳ ಸವೆಸಿದ ಮನೆ ಒಂದು ಗಂಟೆ ಮಾರಿ ಬದುಕಬೇಕಿತ್ತೇ ಎಂದು ಯಾರಿಗಾದರೂ ಅನಿಸಿರಬಹುದು.

ಕೊನೆಯದು ಸಿಕ್ಕಾಗ ಹೊತ್ತು ಪಡುವಣಕ್ಕೆ ವಾಲಿತ್ತು. ಅದು ಎಲ್ಲಕ್ಕಿಂತ ಭಾರ. ಚಿಕ್ಕಬಸಮ್ಮ ಅದನ್ನು ಎತ್ತಿ, ಮಣ್ಣು ಒರೆಸಿ, ತಿರುಗಿಸಿ ನೋಡಿದಳು. ಕುಳಕ್ಕೆ ಚೂಪು ಮೂತಿಯಿರಬೇಕು. ಇದಕ್ಕೆ ಒಂದು ತುದಿಯಲ್ಲಿ ಉಂಗುರ, ಇನ್ನೊಂದು ತುದಿಯಲ್ಲಿ ಮುದ್ದೆಯಂಥ ಗುಂಡು.

“ಇದು ಕುಳ ಅಲ್ಲ.”

ಮೇಘನಾ ಗುಂಡಿಯೊಳಗಿಂದಲೇ ಕೈ ಚಾಚಿದಳು. ತುಕ್ಕಿನ ಮೇಲೆ ಬೆರಳಾಡಿಸಿದಳು. ಟೋಪಿ ತೆಗೆದು ಪಕ್ಕಕ್ಕಿಟ್ಟಳು. “ಅಮ್ಮ... ಇದು ನಾಲಿಗೆ. ಗಂಟೆಯ ನಾಲಿಗೆ.”

ಚಿಕ್ಕಬಸಮ್ಮ ಆ ಗುಂಡನ್ನು ಸೆರಗಿನಿಂದ ಇನ್ನೊಮ್ಮೆ ಒರೆಸಿದಳು.

“ದಂಡು ಹತ್ತಿರದಲ್ಲೇ ಇತ್ತು ಅಂತಾರಲ್ಲ ಊರವರು” ಎಂದಳು ಮೇಘನಾ. “ಗಂಟೆ ಹೊತ್ತು ನಡೆದರೆ ಹೆಜ್ಜೆ ಹೆಜ್ಜೆಗೂ ಬಾರಿಸುತ್ತೆ. ಅದಕ್ಕೆ ದೊಡ್ಡಮಾದ ಮೊದಲು ನಾಲಿಗೆ ಬಿಚ್ಚಿದ್ದಾನೆ. ಆಮೇಲೆ ಅದನ್ನ ಮೇಲ್ಗಡೆ ಹೂತಿದ್ದಾನೆ, ಗುರುತಿಗೆ.”

ಉಳಿದದ್ದು ಚಿಕ್ಕಬಸಮ್ಮನಿಗೆ ತಾನಾಗಿ ಹೊಳೆಯಿತು. ದೊಡ್ಡಮಾದ ದಿಬ್ಬದಲ್ಲಿ ಏನೋ ಕಬ್ಬಿಣ ಹೂತದ್ದನ್ನು ಅವನ ಮಗ ಕಂಡಿರಬೇಕು. ಕತ್ತಲಲ್ಲಿ ಕಂಡದ್ದು, ಕುಳ ಎಂದುಕೊಂಡ. ಅಪ್ಪ ತಿರುಗಿ ಬರಲಿಲ್ಲ, ಕೇಳುವಂತಿಲ್ಲ. ಅಪ್ಪ ಮಾಡಿದ್ದೆಂದರೆ ಶಾಸ್ತ್ರ. ಅವನೂ ತನ್ನ ಕುಳ ತಂದು ಹೂತ. ಅವನ ಮಗ ಹೂತ. ದಿಬ್ಬಕ್ಕೆ ನೇಗಿಲು ಹಾಯಿಸಲಿಲ್ಲ, ಮಾರಲಿಲ್ಲ, ಮಟ್ಟ ಮಾಡಲಿಲ್ಲ.

ಅವಳು ಗುಂಡಿಯ ಅಂಚಿನಲ್ಲಿ ಕೂತುಬಿಟ್ಟಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಎರಡೂ ಒಟ್ಟಿಗೆ ಬಂದವು. “ನೋಡ್ಲಾ ಕೃಷ್ಣಾ, ನಿಮ್ಮನೆಯೋರು! ತಪ್ಪು ತಿಳ್ಕಂಡು ಸರಿಯಾಗಿ ಕಾದವ್ರೆ!”

“ಇನ್ನೂ ಗಂಟೆ ಸಿಕ್ಕಿಲ್ಲ ಕಣವ್ವ” ಎಂದ ಮಗ.

ಅಮೃತೇಶ ಮತ್ತೆ ಯಂತ್ರ ಹೊತ್ತು ಬಂದ. ಮೊದಲು ಕಬ್ಬಿಣ ಹುಡುಕುವ ಕೋಲನ್ನು ಗುಂಡಿಯ ಮೇಲೆ ಹಿಡಿದರು. ಅದು ಸುಮ್ಮನೆ ಇತ್ತು. ಆಮೇಲೆ ಎರಡು ಪೆಟ್ಟಿಗೆಯದನ್ನು ಹಿಡಿದರು. ಅದು ಮೊದಲಿಗಿಂತ ಜೋರಾಗಿ ಹಾಡಿತು.

ಬದುವಿನಲ್ಲಿದ್ದವರಿಗೆ ವಿಜ್ಞಾನ ಹೇಳಿಕೊಡುವ ಅಗತ್ಯ ಬೀಳಲಿಲ್ಲ. ಸೊಸೆಗೆ ಕೇಳಿಸಿದ್ದು, ಮಗನಿಗೆ ಕೇಳಿಸಿಲ್ಲ. ಅಂದರೆ ಕೆಳಗಿರುವುದು ಲೋಹ, ಆದರೆ ಕಬ್ಬಿಣವಲ್ಲ.

ಮಾರನೆಯ ಬೆಳಿಗ್ಗೆ ತಹಸೀಲ್ದಾರರು, ಪೊಲೀಸಿನವರು ಬಂದು ನಿಂತ ಮೇಲೆ ಸೊಂಟದಾಳ ಇಳಿದಾಗ ಹಸಿರುಗಟ್ಟಿದ, ಹೆಬ್ಬೆಟ್ಟಿನ ಗಾತ್ರದ ಒಂದು ಬಸವ ಕಂಡಿತು. ಆಮೇಲೆ ಬಸವ ಕೂತ ಮೇಲ್ತುದಿಯ ಹಿಡಿ, ಹಿಡಿಯ ಕೆಳಗೆ ಗಂಟೆಯ ದುಂಡು ಬೆನ್ನು. ಗಂಟೆ ಬೋರಲಾಗಿ ಕೂತಿತ್ತು, ಕೋಳಿ ಮೊಟ್ಟೆಯ ಮೇಲೆ ಕೂತ ಹಾಗೆ. ಮೂರು ಕಂಬ ನೆಟ್ಟು, ರಾಟೆಗೆ ಪಟ್ಟಿ ಕಟ್ಟಿ ಮೆಲ್ಲಗೆ ಎತ್ತಿದರು. ಒಳಗಿನ ಮಣ್ಣು ದಬದಬನೆ ಉದುರಿತು. ಹಗುರಾದ ಗಂಟೆ ಗಾಳಿಯಲ್ಲಿ ತಿರುಗಿ, ಪಕ್ಕದ ಮರದ ಕಂಬಕ್ಕೆ ತಾಗಿತು.

ಒಂದೇ ಸಲ. ದೊಡ್ಡದಾಗಿಯೂ ಅಲ್ಲ. ಆದರೆ ಆ ದನಿ ನಿಲ್ಲಲಿಲ್ಲ. ಗದ್ದೆಯ ಮೇಲೆ ಹಾಯ್ದು, ನಾಲೆ ದಾಟಿ, ಹೊಸಕೊಪ್ಪಲಿನ ತೆಂಗಿನ ಮರಗಳವರೆಗೆ ಹೋಯಿತು. ಬದುವಿನಲ್ಲಿ ಟೋಪಿಯಿದ್ದವರು ಟೋಪಿ ತೆಗೆದರು, ಟವೆಲಿದ್ದವರು ಟವೆಲು ತೆಗೆದರು. ಚೆಲುವರಾಜುವಿಗೆ ತೆಗೆಯಲು ಏನೂ ಸಿಗದೆ ಕೂಲಿಂಗ್ ಗ್ಲಾಸು ತೆಗೆದ.

ಚಿಕ್ಕಬಸಮ್ಮ ಹತ್ತಿರ ಹೋಗಿ ಗಂಟೆಯ ಹಸಿರು ಮೈಯ ಮೇಲೆ ಅಂಗೈ ಇಟ್ಟಳು. ಅದು ಇನ್ನೂ ಒಳಗೊಳಗೇ ಮಿಡಿಯುತ್ತಿತ್ತು. “ಕೇಳಿಸ್ತಾ?” ಎಂದು ಮೆಲ್ಲಗೆ ಕೇಳಿದಳು. ಯಾರನ್ನು ಕೇಳಿದಳೆಂದು ಮಗನಿಗೆ ಗೊತ್ತಾಯಿತು. ಅವನು ಮುಖ ಆಚೆ ತಿರುಗಿಸಿದ.

“ಅಮ್ಮ, ಇದು ಮೈಸೂರಿಗೆ ಹೋಗಬೇಕು” ಎಂದಳು ಮೇಘನಾ, ಸ್ವಲ್ಪ ಅಳುಕಿನಿಂದಲೇ. “ತೊಳೆದು, ಕಿಲುಬು ನಿಲ್ಲಿಸಿ, ಮ್ಯೂಸಿಯಮ್ಮಿನಲ್ಲಿ ಇಡ್ತಾರೆ. ಗುಡಿಗೆ ವಾಪಸ್ಸು ಕೊಡಿಸೋದು ನನ್ನ ಕೈಲಿಲ್ಲ.”

“ಓಗ್ಲಿ ಬುಡು. ಅಲ್ಲಾದ್ರೆ ಎಲ್ಲಾ ಊರೋರೂ ನೋಡ್ತಾರೆ. ಕೆಳಗೊಂದು ಬೋರ್ಡ್ ಆಕ್ತೀರಲ್ಲ, ಏನಂತ ಬರೀತೀರಿ?”

“ಅರಳೀಹುಂಡಿಯಲ್ಲಿ ಸಿಕ್ಕ ಕಂಚಿನ ಗಂಟೆ ಅಂತ.”

“ಸಿಕ್ಕಿದ್ದು ಅಂತ ಬರೀಬ್ಯಾಡಿ. ಕಳ್ಕಂಡಿದ್ರಲ್ವಾ ಸಿಕ್ಕೋದು? ನಮ್ಮೋರು ಇಟ್ಟಿದ್ದು. ಅಂಗೇ ಬರೀರಿ, ದೊಡ್ಡಮಾದನ ಮನೆಯೋರು ಜೋಪಾನವಾಗಿಟ್ಟ ಗಂಟೆ.”

ಬರೆಯಲು ಶಿಫಾರಸು ಮಾಡುತ್ತೇನೆ ಎಂದು ಮೇಘನಾ ಒಪ್ಪಿದಳು. ಅಲ್ಲೇ ನಿಂತು ಬರೆದುಕೊಂಡಳು.

ಜೀಪು ಗಂಟೆಯನ್ನೂ ಅದರ ನಾಲಿಗೆಯನ್ನೂ ಹೊತ್ತು ಹೊರಟ ಮೇಲೆ, ಫ್ಲೆಕ್ಸಿನ ಮೇಲಿದ್ದ ಕುಳಗಳನ್ನೆಲ್ಲ ತೊಳೆದು, ಅರಿಸಿನವಿಟ್ಟು, ತಾಯಿ ಮಗ ಇಬ್ಬರೂ ಮತ್ತೆ ಗುಂಡಿಯಲ್ಲಿ ಇಟ್ಟರು. ಇನ್ನು ಕಾಯಲು ಏನೂ ಇಲ್ಲವಲ್ಲವ್ವ ಎಂದ ಮಗ. ಕಾಯಕ್ಕಲ್ಲ ಕಣ್ಲಾ, ದುಡಿದಿದ್ದಕ್ಕೆ ಎಂದಳು ತಾಯಿ.

ಮನೆಗೆ ಹೋಗುವ ದಾರಿಯಲ್ಲಿ ಗುಡಿಯ ಮುಂದೆ ಜನ ಗುಂಪು ಕಟ್ಟಿದ್ದರು. ನಡುವೆ ಚಾಮಯ್ಯ. ಪಂಚೆ ಮೇಲಕ್ಕೆ ಕಟ್ಟಿ, ಪಕ್ಕದಲ್ಲೊಂದು ಬಕೀಟು ಸಗಣಿ ಇಟ್ಟುಕೊಂಡು, ಕುಕ್ಕರುಗಾಲಲ್ಲಿ ಕೂತು ನೆಲ ಸಾರಿಸುತ್ತಿದ್ದ. ಯಾರೂ ಕರೆಯಲು ಹೋಗಿರಲಿಲ್ಲ. ಅವನ ಕೊಟ್ಟಿಗೆಗೆ ಆ ದನಿ ಕೇಳಿಸಿತ್ತಂತೆ. ಹಸು ಕಿವಿ ನಿಮಿರಿಸಿತಂತೆ, ಕರೆಯುತ್ತಿದ್ದ ಹಾಲು ಅಲ್ಲೇ ಬಿಟ್ಟು ಎದ್ದನಂತೆ.

ಚಿಕ್ಕಬಸಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತು ನೋಡಿದಳು. ಅವನು ತಲೆಯೆತ್ತಲಿಲ್ಲ.

“ಅಣ್ಣಯ್ಯ, ಗಂಟೆ ಎಷ್ಟಾಯ್ತು?”

ಮದುವೆಯಾದ ಮೇಲೆ ಮೊದಲ ಸಲ ಆ ಮಾತು ಅವಳ ಬಾಯಿಂದ ಬಂದಿತ್ತು.

“ಕೇಳು ಕೇಳು, ಇವತ್ತು ನಿನ್ನ ದಿನ” ಎಂದ ಚಾಮಯ್ಯ, ಸಗಣಿಯ ಕೈಯನ್ನು ಇನ್ನಷ್ಟು ಜೋರಾಗಿ ಎಳೆಯುತ್ತ. “ಭಾವ ಇರ್ಬೇಕಿತ್ತು ಕಣಮ್ಮಿ.”

ಅವಳು ನೆಲದ ಮೇಲೆ ಬೆರಳು ತೋರಿಸಿದಳು. “ಸಾರ್ಸೋದು ಸರಿಯಾಗಿ ಸಾರ್ಸು. ಅಕಾ, ಆ ಮೂಲೆ ಅಂಗೇ ಬುಟ್ಟಿದೀಯ.”

ಚಾಮಯ್ಯ ಆ ಮೂಲೆಯನ್ನು ನೋಡಿದ, ತಂಗಿಯನ್ನು ನೋಡಿದ.

“ಇರ್ಲಿ ಬುಡು. ಬುಟ್ಟ ಮೂಲೇಲೇ ತಾನೇ ನಿಮ್ಮನೆಯೋರು ಎಲ್ಲಾನೂ ಮಡಗೋದು.”